ಬುಧವಾರದ ಲೇಪ

ನನ್ನ ಕೆಲಸ ವಜ್ರದ್ದು ಎಂದರೆ ಕೇಳಿದವರು ಮೊದಲು ನನ್ನ ಕಿವಿ ನೋಡುತ್ತಾರೆ, ಆಮೇಲೆ ಮೂಗು. ಎರಡು ಕಡೆಯೂ ನೋಡುವಂಥದ್ದು ಏನೂ ಇಲ್ಲದ್ದರಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ತರೀಕೆರೆಯಿಂದ ಕಡೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು ನಾನು. ಪಕ್ಕದ ಸೀಟಿನವರಿಗೆ ಇದನ್ನು ಬಿಡಿಸಿ ಹೇಳಿ ಸಾಕಾಗಿದೆ. ಈಗೀಗ ‘ಫ್ಯಾಕ್ಟರಿ’ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.

ಕಡೂರಿನ ಹೊರಗೆ, ಹಿಂದೆ ಕೊಬ್ಬರಿ ತುಂಬುತ್ತಿದ್ದ ಗೋದಾಮೊಂದರ ಅರ್ಧಭಾಗದಲ್ಲಿ ನನ್ನ ಶೆಡ್ ಇದೆ. ಇನ್ನರ್ಧದಲ್ಲಿ ಈಗಲೂ ಕೊಬ್ಬರಿಯೇ. ಕಾರ್ಖಾನೆಗಳು ಕಳಿಸುವ ಡ್ರಿಲ್ಲು, ಕಟರುಗಳಿಗೆ ನಾವು ವಜ್ರದ ಲೇಪ ಹಾಕುತ್ತೇವೆ. ತಲೆಗೂದಲಿಗಿಂತ ತೆಳುವಾದ ಲೇಪ. ಅದಿದ್ದರೆ ಟೂಲು ಸ್ಕೂಟರ್ ಎಂಜಿನ್ನಿನ ಅಲ್ಯೂಮಿನಿಯಂ ಭಾಗಗಳನ್ನು ಬಹುಕಾಲ ಕೊರೆಯುತ್ತದೆ, ಇಲ್ಲದಿದ್ದರೆ ಬೇಗ ಮೊಂಡಾಗುತ್ತದೆ. ಒಂದು ಉಕ್ಕಿನ ಚೇಂಬರು, ಅದರೊಳಗೆ ಬೆಳ್ಳಗೆ ಕಾಯುವ ಫಿಲಮೆಂಟ್ ತಂತಿಗಳ ಸಾಲು, ತಂತಿಗಳ ಕೆಳಗೆ ಟೂಲುಗಳು, ಸುತ್ತ ಹೈಡ್ರೋಜನ್ ಮತ್ತು ಚೂರು ಮೀಥೇನ್. ಮಧ್ಯಾಹ್ನ ಹನ್ನೆರಡಕ್ಕೆ ಹಚ್ಚಿದರೆ ಬೆಳಿಗ್ಗೆ ನಾವು ಬರುವ ಹೊತ್ತಿಗೆ ತಾನೇ ಆರಿ ತಣ್ಣಗಾಗಿರುತ್ತದೆ. ಅನಿಲದಿಂದ ವಜ್ರ ಮಾಡುವುದು, ಹಾಗೆ ನೋಡಿದರೆ, ದೊಡ್ಡ ಕಷ್ಟವಲ್ಲ. ಮಾಡಿದ ವಜ್ರ ಟೂಲಿನ ಮೈ ಹಿಡಿದು ನಿಲ್ಲುವಂತೆ ಮಾಡುವುದು ಕಷ್ಟ.

ಆ ಕಷ್ಟದ ಹೆಸರು ಕೋಬಾಲ್ಟ್. ಟೂಲು ಎಂದರೆ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಕಾಳುಗಳು; ಆ ಕಾಳುಗಳನ್ನು ಒಟ್ಟಿಗೆ ಹಿಡಿದಿಟ್ಟ ಅಂಟು ಕೋಬಾಲ್ಟ್. ಅಂಟಿಲ್ಲದೆ ಟೂಲಿಲ್ಲ. ಆದರೆ ಅದೇ ಕೋಬಾಲ್ಟ್ ಮೇಲ್ಮೈಯಲ್ಲಿ ಉಳಿದರೆ ಅಲ್ಲಿ ವಜ್ರದ ಬದಲು ಮಸಿ ಕೂರುತ್ತದೆ, ಮಸಿಯ ಮೇಲೆ ಬೆಳೆದ ವಜ್ರ ಒಂದೇ ಏಟಿಗೆ ಹಾರುತ್ತದೆ. ಆದ್ದರಿಂದ ಮೊದಲು ಕ್ಷಾರದಲ್ಲಿ ಅದ್ದಿ ಮೈಯನ್ನು ಒರಟು ಮಾಡಬೇಕು. ಆಮೇಲೆ ಎರಡೇ ಎರಡು ನಿಮಿಷ ಆಸಿಡ್ಡಿನಲ್ಲಿಟ್ಟು ಮೇಲ್ಮೈಯ ಕೋಬಾಲ್ಟನ್ನು ತೆಗೆಯಬೇಕು. ಆಮೇಲೆ ನೀರು, ಆಮೇಲೆ ವಜ್ರದ ಧೂಳು ಕಲಸಿದ ಸ್ಪಿರಿಟ್ಟು, ತಕ್ಷಣ ಚೇಂಬರು. ಚರ್ಮದ ಮಟ್ಟಿಗೆ ಮಾತ್ರ ಕೋಬಾಲ್ಟ್ ಹೋಗಬೇಕು. ಅದಕ್ಕಿಂತ ಆಳದಿಂದ ಹೋದರೆ ಚರ್ಮವೇ ಸಡಿಲವಾಗಿ, ವಜ್ರ ತಾನು ಹಿಡಿದುಕೊಂಡ ಚರ್ಮದ ಸಮೇತ ಎದ್ದು ಬರುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ನಮ್ಮ ಕಸುಬಿಗೆಂದೇ ಹುಟ್ಟಿದಂತಿದೆ.

ಈ ತೊಳೆಯುವ ಕೆಲಸಕ್ಕೆ ನನಗೆ ಸರಿಯಾದ ಮನುಷ್ಯ ಸಿಕ್ಕಿದ್ದು ಗೋದಾಮಿನ ಗೋಡೆಯ ಗಾರೆ ಉದುರಿದ್ದರಿಂದ. ಅದನ್ನು ಸರಿಮಾಡಲು ಬುಕ್ಕಾಂಬುಧಿಯಿಂದ ಒಬ್ಬರು ಬಂದರು. ಅರವತ್ತು ದಾಟಿದವರು. ಊರಲ್ಲಿ ಒಂದಿಷ್ಟು ಬೆದ್ದಲು, ನಾಲ್ಕಾರು ತೆಂಗಿನ ಮರ, ಜೊತೆಗೆ ಚಿಕ್ಕಂದಿನಿಂದ ಗಾರೆ ಕೆಲಸ. ಹೆಸರು ಇಲ್ಲಿ ಬೇಡ, ಗಾರೆಯವರು ಎನ್ನುತ್ತೇನೆ. ಬಂದವರೇ ಗೋಡೆಯ ಕಡೆ ನೋಡದೆ, ನೆಲಕ್ಕೆ ಬಿದ್ದಿದ್ದ ಗಾರೆಯ ಚಕ್ಕೆಯೊಂದನ್ನು ಎತ್ತಿ ಬೆನ್ನು ತಿರುಗಿಸಿ ನೋಡಿದರು. ಚಕ್ಕೆಯ ಬೆನ್ನು ನುಣ್ಣಗಿದ್ದರೆ ಹಚ್ಚಿದವನ ತಪ್ಪಂತೆ. ಇಟ್ಟಿಗೆಯ ಪುಡಿ ಮೆತ್ತಿಕೊಂಡು ಬಂದಿದ್ದರೆ ಗೋಡೆಯ ತಪ್ಪಂತೆ. ನಮ್ಮದು ನುಣ್ಣಗಿತ್ತು. ಒಂದು ದಿನವಿಡೀ ಗೋಡೆಗೆ ಕಚ್ಚು ಹೊಡೆದು ಒರಟು ಮಾಡಿದರು, ಮರುದಿನ ಬರೀ ನೀರುಣಿಸಿದರು, ಗಾರೆ ಕಲಸಿದ್ದು ಮೂರನೆಯ ದಿನ.

ನನಗೆ ತಾಳ್ಮೆ ಕಡಿಮೆ. ಇಷ್ಟು ಹೊತ್ತು ಯಾಕೆ ಎಂದು ಕೇಳಿದೆ.

‘ಗಾರೆ ಹಚ್ಚೋದು ಕೆಲ್ಸ ಅಲ್ಲ ಕಣಮ್ಮ,’ ಎಂದರು. ‘ಗೋಡೆ ಒಪ್ಸೋದು ಕೆಲ್ಸ.’

ನಾನು ಎಂಜಿನಿಯರಿಂಗ್ ಓದಿದ್ದು, ಆಮೇಲೆ ಬೇರೆ ಊರುಗಳಲ್ಲಿ ಇದೇ ಲೇಪದ ಕೆಲಸ ಮಾಡಿದ್ದು ಎಲ್ಲ ಸೇರಿ ಹೇಳುತ್ತಿದ್ದುದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು. ಗೋಡೆ ಒಣಗುವ ಮೊದಲೇ, ತೊಳೆಯುವ ಕೋಣೆಗೆ ಬರುತ್ತೀರಾ ಎಂದು ಕೇಳಿದೆ. ಮೊಣಕಾಲು ನೋವಿನಿಂದ ಏಣಿ ಹತ್ತುವುದು ಅವರಿಗೆ ಕಷ್ಟವಾಗುತ್ತಿತ್ತು, ಒಪ್ಪಿದರು. ರಬ್ಬರ್ ಕೈಗವಸು, ಕನ್ನಡಕ, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು. ಎರಡು ನಿಮಿಷ ಎಂದರೆ ಎರಡು ನಿಮಿಷ. ಅವರು ತೊಳೆದ ಟೂಲುಗಳ ಮೇಲೆ ಕೂತ ವಜ್ರ ಅಲ್ಲಾಡುತ್ತಿರಲಿಲ್ಲ.

ಒಂದು ದಿನ ರಜೆ ಕೇಳಿದರು. ಕಾರಣ ಕೇಳಿದಾಗಲೇ ನನಗೆ ಆ ಕಡೆಯ ಪದ್ಧತಿ ಗೊತ್ತಾಗಿದ್ದು. ಅವರ ಸುತ್ತಮುತ್ತ ಯಾರೇ ಮನೆ ಕಟ್ಟಲಿ, ಗಾರೆ ಶುರುಮಾಡುವ ದಿನ ಮೊದಲ ಹಿಡಿಯನ್ನು ಕೈಗುಣವಿದ್ದವರಿಂದ ಗೋಡೆಗೆ ಹೊಡೆಸುತ್ತಾರೆ. ಉಳಿದದ್ದನ್ನು ಯಾವ ಮೇಸ್ತ್ರಿ ಬೇಕಾದರೂ ಮಾಡಿಕೊಳ್ಳಲಿ, ಮೊದಲ ಹಿಡಿ ಮಾತ್ರ ಆ ಕೈಯದೇ ಆಗಬೇಕು. ಬುಕ್ಕಾಂಬುಧಿಯಲ್ಲಿ ಬಹಳ ವರ್ಷಗಳಿಂದ ಆ ಕೈ ಇವರದು. ಹೆಮ್ಮೆಯಿಂದ ಹೇಳಿದ್ದಲ್ಲ, ರಜೆಗೆ ಕಾರಣವಾಗಿ ಹೇಳಿದ್ದು. ಆ ವರ್ಷ ಮೂರು ನಾಲ್ಕು ಸಲ ಹೀಗೆ ರಜೆ ಹಾಕಿದರು, ನಾನು ಪ್ರತಿ ಸಲವೂ ಗೊಣಗಿಯೇ ಕೊಟ್ಟೆ.

ಶೆಡ್ಡಿನಲ್ಲಿ ನಾವಿದ್ದದ್ದು ಮೂವರು. ಮೂರನೆಯವಳು ಶಿವನಿ ಎಂಬ ಊರಿನವಳು, ಅವಳನ್ನು ಶಿವನಿಯಾಕೆ ಎನ್ನುತ್ತೇನೆ. ಬಿಎಸ್ಸಿ ಓದಿದವಳು, ಎರಡು ಮಕ್ಕಳ ತಾಯಿ, ಶಿವನಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದಳು. ಚೇಂಬರಿನ ಮೀಟರುಗಳೂ ರಿಜಿಸ್ಟರೂ ಅವಳ ವಶ. ಬೆಳಿಗ್ಗೆ ಹಿಂದಿನ ದಿನದ ಟೂಲುಗಳಲ್ಲಿ ಒಂದನ್ನು ತೆಗೆದು, ಮೊನೆಯಿರುವ ಯಂತ್ರದಿಂದ ಒತ್ತಿ ನೋಡುತ್ತಿದ್ದಳು. ಒತ್ತಿದ ಗುಳಿಯ ಸುತ್ತ ಲೇಪ ಗಟ್ಟಿಯಾಗಿದ್ದರೆ ಸರಿ ಗುರುತು, ಚಕ್ಕೆ ಎದ್ದರೆ ತಪ್ಪು ಗುರುತು. ಬಹಳ ಕಾಲ ರಿಜಿಸ್ಟರಿನಲ್ಲಿ ಸರಿ ಗುರುತೇ ತುಂಬಿತ್ತು.

ಒಂದು ಬುಧವಾರ ಮಧ್ಯಾಹ್ನ ಚೇಂಬರ್ ಹಚ್ಚಿದ ಹತ್ತು ನಿಮಿಷಕ್ಕೆ ಫಿಲಮೆಂಟ್ ತಂತಿಗಳು ಒಟ್ಟಿಗೆ ತುಂಡಾದವು. ತಂತಿ ಹಳೆಯದಾಗಿತ್ತು, ತುಂಡಾಗುವುದು ಇತ್ತು. ಸಂಜೆ ಮನೆಯಲ್ಲಿ ನಮ್ಮಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅಮ್ಮ ಕೇಳಿದ್ದು ಎಷ್ಟು ಗಂಟೆಗೆ ಎಂದು. ಹನ್ನೆರಡೂ ಹತ್ತಕ್ಕೆ ಎಂದೆ. ‘ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ ಕಣೇ. ಬೆಂಕಿ ಹಚ್ಚೋ ಕೆಲ್ಸ ಆಗ ಯಾರಾದ್ರೂ ಶುರು ಮಾಡ್ತಾರೇನೇ?’ ಎಂದು ಹೇಳಿ ಅನ್ನಕ್ಕೆ ಸಾರು ಬಡಿಸಿದರು.

ನಾನು ರಾಹುಕಾಲ ನಂಬುವವಳಲ್ಲ. ನಂಬುವವರನ್ನು ತಮಾಷೆ ಮಾಡುತ್ತಿದ್ದೆ, ಶೆಡ್ಡಿನಲ್ಲೂ ಮಾಡಿದ್ದೆ. ಶಿವನಿಯಾಕೆ ಒಮ್ಮೆ ಹೊಸ ಯಂತ್ರದ ಪೆಟ್ಟಿಗೆ ಬಿಚ್ಚಲು ಒಳ್ಳೆಯ ಹೊತ್ತು ಕೇಳಿದ್ದಕ್ಕೆ, ಯಂತ್ರಕ್ಕೆ ಜಾತಕ ಬರೆಸೋಣವೇ ಎಂದು ನಕ್ಕಿದ್ದೆ. ಆದರೆ ಮುಂದಿನ ಬುಧವಾರ ಹನ್ನೆರಡು ಗಂಟೆಗೆ ಸ್ವಿಚ್ಚಿನ ಮುಂದೆ ನಿಂತಾಗ ಕೈ ಏಳಲಿಲ್ಲ. ಹೊಸ ತಂತಿ ಹಾಕಿದ್ದೆವು. ಕಾದರೆ ಕಳೆದುಕೊಳ್ಳುವುದೇನು ಎನಿಸಿತು. ವೋಲ್ಟೇಜ್ ಸರಿಯಿಲ್ಲ, ಒಂದೂವರೆವರೆಗೆ ತಡೆಯೋಣ ಎಂದೆ.

ಅಂದಿನಿಂದ ಪ್ರತಿ ಬುಧವಾರ ವೋಲ್ಟೇಜ್ ಕೈಕೊಟ್ಟಿತು. ಉಳಿದ ದಿನಗಳ ರಾಹುಕಾಲ ಬೆಳಿಗ್ಗೆಗೋ ಇಳಿಹೊತ್ತಿಗೋ ಬಿದ್ದು ನಮ್ಮ ಹನ್ನೆರಡರ ತಂಟೆಗೆ ಬರುತ್ತಿರಲಿಲ್ಲ. ಬುಧವಾರ ತಡವಾಗಿ ತೊಳೆಯಿರಿ ಎಂದು ಗಾರೆಯವರಿಗೆ ಮೊದಲೇ ಹೇಳಬಹುದಿತ್ತು. ಹೇಳಿದರೆ ಪ್ರತಿ ಬುಧವಾರವೇ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಹನ್ನೆರಡಕ್ಕೆ ಸರಿಯಾಗಿ ವೋಲ್ಟೇಜ್ ಹೋಯಿತೆಂದರೆ ಯಾರೂ ಕೇಳುವುದಿಲ್ಲ, ನಮ್ಮ ಕಡೆ ವೋಲ್ಟೇಜಿನ ಮೇಲೆ ಯಾರಿಗೂ ಭರವಸೆಯಿಲ್ಲ.

ಅಷ್ಟು ಹೊತ್ತಿಗೆ ಗಾರೆಯವರು ಟೂಲುಗಳನ್ನು ಆಸಿಡ್ಡಿನಿಂದ ತೆಗೆದು ನೀರಿನ ತೊಟ್ಟಿಗೆ ಹಾಕಿರುತ್ತಿದ್ದರು. ಏನು ಮಾಡಲಿ ಎಂದು ಕೇಳುತ್ತಿದ್ದರು. ತೊಳೆದ ಟೂಲಿಗೆ ಗಾಳಿ ಸೋಕಬಾರದು ಎಂಬುದು ನಾನೇ ಮಾಡಿದ ನಿಯಮ. ನೀರಲ್ಲೇ ಇರಲಿ ಎಂದು ಹೇಳಿ ಊಟಕ್ಕೆ ಕೂರುತ್ತಿದ್ದೆ.

ಒಂದೆರಡು ತಿಂಗಳಲ್ಲಿ ರಿಜಿಸ್ಟರಿನಲ್ಲಿ ತಪ್ಪು ಗುರುತುಗಳು ಬಂದವು. ಶಿವನಿಯಾಕೆ ಒತ್ತಿದ ಗುಳಿಯ ಸುತ್ತ ಲೇಪ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಅಂಥ ಕೆಲವು ಟೂಲುಗಳು ಪರೀಕ್ಷೆಯಲ್ಲಿ ತಪ್ಪಿಸಿಕೊಂಡು ಕಾರ್ಖಾನೆಗೆ ಹೋಗಿ, ಮೈ ಬೋಳಾಗಿ ವಾಪಸ್ಸೂ ಬಂದವು. ನಾನು ಅನಿಲ ಬದಲಿಸಿದೆ, ಉಷ್ಣತೆ ಇಳಿಸಿದೆ, ಏರಿಸಿದೆ, ಸ್ಪಿರಿಟ್ಟು ಹೊಸದು ತರಿಸಿದೆ. ಕೊನೆಗೆ ರಿಜಿಸ್ಟರ್ ಹಿಡಿದು ಕೂತಾಗ ತಪ್ಪು ಗುರುತುಗಳೆಲ್ಲ ಬುಧವಾರ ಹಚ್ಚಿದವು ಎಂದು ಕಂಡಿತು. ಇಲ್ಲಿಯವರೆಗೆ ನನ್ನ ಬುದ್ಧಿ ಸರಿಯಾಗಿಯೇ ಓಡಿತ್ತು.

ಬುಧವಾರ ಏನು ವಿಶೇಷ ಎಂದು ತಲೆ ಎತ್ತಿ ನೋಡಿದೆ. ಎದುರಿಗೆ ಗಾರೆಯವರ ನೆತ್ತಿ ಹೊಳೆಯುತ್ತಿತ್ತು. ಬುಧವಾರ ಮತ್ತು ಶನಿವಾರ ಗಂಡಸರು ಎಣ್ಣೆ ಹಚ್ಚಿ ಮೀಯುವ ದಿನ. ಹಳಬರು ಅದನ್ನು ಬಿಟ್ಟಿಲ್ಲ. ತಲೆಯಲ್ಲಿ ಕೂದಲು ಕಡಿಮೆ, ಹರಳೆಣ್ಣೆ ಜಾಸ್ತಿ. ಮಿಂದ ಮೇಲೂ ಅದರ ವಾಸನೆ ತೊಳೆಯುವ ಕೋಣೆಯಲ್ಲಿ ನಿಲ್ಲುತ್ತಿತ್ತು. ಎಣ್ಣೆ ಎಂದರೆ ಲೇಪದ ಶತ್ರು, ಇದು ಮೊದಲ ಪಾಠ. ಕೈಗವಸು ಇತ್ತು, ನಿಜ. ಆದರೆ ಕೈಗವಸಿನ ಕೈಯಿಂದಲೇ ಬೆವರು ಒರೆಸಿಕೊಳ್ಳುವುದನ್ನು ನಾನು ಒಮ್ಮೆ ನೋಡಿದ್ದೆ. ನನಗೆ ಬೇಕಾದದ್ದು ಸಿಕ್ಕಿತ್ತು.

ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದೆ. ಅವರು ಯಾಕೆಂದು ಕೇಳಿದರು, ಹೇಳಿದೆ. ಮುಂದಿನ ಬುಧವಾರ ನೆತ್ತಿ ಒಣಗಿಸಿಕೊಂಡು ಬಂದರು. ಲೇಪ ಎದ್ದಿತು. ಅದರ ಮುಂದಿನ ಬುಧವಾರವೂ ಎದ್ದಿತು. ವರ್ಷಗಟ್ಟಲೆ ಕುಡಿದ ಎಣ್ಣೆಯನ್ನು ಚರ್ಮ ಅಷ್ಟು ಬೇಗ ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಗಾರೆಯವರು ಲೇಪದ ಚಕ್ಕೆಯೊಂದನ್ನು ಬೆರಳ ತುದಿಯ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು, ಇದರ ಬೆನ್ನು ಒಂದು ಸಲ ನೋಡಿ ಎಂದರು. ನನಗೆ ಸಿಟ್ಟು ಬಂತು. ಇದು ಗೋಡೆಯಲ್ಲ ಎಂದೆ.

ಮುಂದಿನ ಬುಧವಾರ ಅವರನ್ನು ಪ್ಯಾಕಿಂಗಿಗೆ ಹಾಕಿ ನಾನೇ ತೊಳೆದೆ. ಒಂದೂವರೆ ಕಳೆದ ಮೇಲೆ ಟೂಲುಗಳನ್ನು ಆಸಿಡ್ಡಿಗಿಳಿಸಿದೆ, ಎರಡು ನಿಮಿಷ, ನೀರು, ಧೂಳು, ನೇರ ಚೇಂಬರು. ಬೆಳಿಗ್ಗೆ ಒತ್ತಿ ನೋಡಿದರೆ ಲೇಪ ಕಲ್ಲಿನಂತಿತ್ತು. ಇನ್ನೊಂದು ಬುಧವಾರವೂ ಹಾಗೇ ಆಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಶಿವನಿಯಾಕೆಯನ್ನು ಕೇಳಿದೆ. ಅವಳು ಸರಿ ಗುರುತು ಹಾಕಿ ರಿಜಿಸ್ಟರ್ ಮುಚ್ಚಿದಳು.

ಗಾರೆಯವರು ಎರಡು ವಾರ ರಟ್ಟಿನ ಪೆಟ್ಟಿಗೆಗಳನ್ನು ಮಡಚಿದರು. ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದರು. ಆಮೇಲೆ ಹೊಲದ ಕೆಲಸ ಬಂತೆಂದು ಹೇಳಿಕಳಿಸಿ ಬರುವುದನ್ನು ನಿಲ್ಲಿಸಿದರು. ನನಗೆ ಸ್ವಲ್ಪ ಸಮಾಧಾನವೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಎದುರಿಗಿದ್ದರೆ ಕಿರಿಕಿರಿಯಾಗುತ್ತಿತ್ತು.

ಆ ದಿನಗಳಲ್ಲೇ ಪಕ್ಕದ ಗೋದಾಮಿಗೆ ಬುಕ್ಕಾಂಬುಧಿಯವರೊಬ್ಬರು ಕೊಬ್ಬರಿ ತಂದಿದ್ದರು. ಮನೆ ಕಟ್ಟಿಸುತ್ತಿದ್ದರಂತೆ. ಗಾರೆಯವರು ನಿಮ್ಮಲ್ಲೇ ಇದ್ದಾರಲ್ಲವೇ ಎಂದು ಮಾತಿಗೆ ನಿಂತರು. ನಾನು ಕೈಯಲ್ಲಿ ಟೀ ಲೋಟ ಹಿಡಿದುಕೊಂಡು, ಇಲ್ಲ, ಅವರ ಕೈಯಲ್ಲಿ ನಮ್ಮ ಲೇಪ ನಿಲ್ಲಲಿಲ್ಲ, ಅದಕ್ಕೇ ತೆಗೆದೆ ಎಂದೆ. ಅಷ್ಟೇ ಹೇಳಿದ್ದು. ಅವರು ಹೌದಾ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಆಡಿದ್ದು ಕೂಡ ನೆನಪಿರಲಿಲ್ಲ.

ನೆನಪು ಮಾಡಿದವಳು ಶಿವನಿಯಾಕೆ. ಅವಳ ಅತ್ತೆಯ ತವರು ಬುಕ್ಕಾಂಬುಧಿ. ಒಂದು ಬೆಳಿಗ್ಗೆ ರಿಜಿಸ್ಟರ್ ತೆರೆಯುತ್ತ, ಅಲ್ಲಿ ಒಂದು ಹೊಸ ಮನೆಯ ಗಾರೆ ಶುರುವಾಯಿತೆಂದೂ ಮೊದಲ ಹಿಡಿಯನ್ನು ಬೇರೆ ಊರಿನವರಿಂದ ಹೊಡೆಸಿದರೆಂದೂ ಹೇಳಿದಳು. ಗಾರೆಯವರ ಕೈ ಕೆಟ್ಟಿದೆ, ಕಡೂರಿನ ಫ್ಯಾಕ್ಟರಿ ಮೇಡಮ್ಮನೇ ಹೇಳಿದ್ದಾರೆ ಎಂದು ಊರಲ್ಲಿ ಮಾತಂತೆ. ಗಾರೆಯವರ ಮನೆ ಮೂರು ಓಣಿ ಆಚೆ. ಅವರು ಆ ದಿನ ಹೊರಗೇ ಬರಲಿಲ್ಲವಂತೆ.

ನಾನು ಏನೋ ಹೇಳಹೊರಟೆ. ಎಣ್ಣೆಯ ವಿಷಯವನ್ನೇ ಇರಬೇಕು.

‘ಎಣ್ಣೆ ಶನಿವಾರಾನೂ ಹಚ್ಕೊಂಡ್ಬತ್ತಿದ್ರಲ್ಲ ಮೇಡಂ,’ ಎಂದಳು ಅವಳು, ರಿಜಿಸ್ಟರಿನಿಂದ ತಲೆ ಎತ್ತದೆ. ‘ಶನಿವಾರದ್ದು ಒಂದೂ ಎದ್ದಿಲ್ಲ.’

ರಿಜಿಸ್ಟರನ್ನು ಅವಳ ಕೈಯಿಂದ ತೆಗೆದುಕೊಂಡೆ. ಶನಿವಾರಗಳೆಲ್ಲ ಸರಿ ಗುರುತು. ನಾನು ಬುಧವಾರಗಳನ್ನು ಹುಡುಕುವಾಗ ಅವುಗಳ ಮೇಲೆಯೇ ಬೆರಳಾಡಿಸಿಕೊಂಡು ಹೋಗಿದ್ದೆ. ಎಣ್ಣೆಯಲ್ಲದಿದ್ದರೆ ಮತ್ತೇನು? ಅವರು ತೊಳೆದ ಬುಧವಾರಕ್ಕೂ ನಾನು ತೊಳೆದ ಬುಧವಾರಕ್ಕೂ ವ್ಯತ್ಯಾಸವೇನು ಎಂದು ಅವಳನ್ನೇ ಕೇಳಿದೆ. ಅವಳು ಯೋಚಿಸಬೇಕಾಗಲಿಲ್ಲ. ಅವರು ಊಟಕ್ಕೆ ಮೊದಲು ತೊಳೆಯುತ್ತಿದ್ದರು, ನೀವು ಊಟ ಮಾಡಿ ತೊಳೆಯುತ್ತೀರಿ ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನಾನು ಗೋಡೆ ಗಡಿಯಾರ ನೋಡಿದೆ. ನಾನು ಊಟ ಮಾಡಿ ತೊಳೆದದ್ದು ಒಂದೂವರೆವರೆಗೆ ಚೇಂಬರ್ ಹಚ್ಚುವುದಿಲ್ಲವೆಂದು ನನಗೆ ಗೊತ್ತಿದ್ದುದರಿಂದ. ಅವರಿಗೆ ಗೊತ್ತಿರಲಿಲ್ಲ. ಅವರು ಹನ್ನೆರಡಕ್ಕೆ ಸರಿಯಾಗಿ ತೊಳೆದು ಕೊಟ್ಟ ಟೂಲುಗಳು ಒಂದೂವರೆ ಗಂಟೆ ತೊಟ್ಟಿಯಲ್ಲಿ ಬಿದ್ದಿರುತ್ತಿದ್ದವು. ಬದಲಿಸದ ತೊಟ್ಟಿಯ ನೀರಿಗೆ ಪ್ರತಿ ದಿನ ಟೂಲುಗಳಿಂದ ಆಸಿಡ್ ತೊಟ್ಟಿಕ್ಕಿ ಹುಳಿ ಏರುತ್ತಿತ್ತು. ಒಂದು ನಿಮಿಷ ಅದ್ದಿ ತೆಗೆದರೆ ಅಷ್ಟು ಹುಳಿ ಲೆಕ್ಕಕ್ಕಿಲ್ಲ. ಒಂದೂವರೆ ಗಂಟೆಯಲ್ಲಿ ಅದು ಕೋಬಾಲ್ಟನ್ನು ಆಳದವರೆಗೆ ಮೇಯ್ದು ಮುಗಿಸುತ್ತದೆ.

ಹಳೆಯ ಚಕ್ಕೆಗಳು ಒಂದು ಡಬ್ಬಿಯಲ್ಲಿದ್ದವು. ಒಂದನ್ನು ಕವುಚಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಎಣ್ಣೆಯಾಗಲಿ ಕೊಳೆಯಾಗಲಿ ಆಗಿದ್ದರೆ ಬೆನ್ನು ನುಣ್ಣಗಿರಬೇಕಿತ್ತು. ಬೆನ್ನ ತುಂಬ ಬೂದುಬಣ್ಣದ ಕಾರ್ಬೈಡ್ ಕಾಳುಗಳು ಕಚ್ಚಿಕೊಂಡಿದ್ದವು. ವಜ್ರ ಬಿಟ್ಟುಕೊಟ್ಟಿರಲಿಲ್ಲ, ಗೋಡೆಯೇ ಎದ್ದು ಬಂದಿತ್ತು. ಅವರು ನೋಡಿ ಎಂದದ್ದು ಇದನ್ನೇ. ಖಾತರಿಗೆಂದು ಸೋಮವಾರ ಬೇಕೆಂದೇ ಕೆಲವು ಟೂಲುಗಳನ್ನು ತೊಳೆದು ತೊಟ್ಟಿಯಲ್ಲಿ ಒಂದೂವರೆ ಗಂಟೆ ಬಿಟ್ಟು ಹಚ್ಚಿದೆ. ಮಂಗಳವಾರ ಬೆಳಿಗ್ಗೆ ಅವುಗಳ ಲೇಪ ಹಪ್ಪಳದಂತೆ ಎದ್ದಿತು. ಆ ಹೊತ್ತಿನಲ್ಲಿ ರಾಹು ಇರಲಿಲ್ಲ.

ಮೊದಲು ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಭಯ. ಇದು ಹೊರಗೆ ಗೊತ್ತಾದರೆ ಎಂಬ ಭಯ. ವಜ್ರದ ಲೇಪ ಹಾಕುವ ‘ಎಂಜಿನಿಯರಮ್ಮ’ ಕ್ಯಾಲೆಂಡರಿನ ಹಿಂಬದಿಯ ರಾಹುಕಾಲ ನೋಡಿ ಸ್ವಿಚ್ ಒತ್ತುತ್ತಾಳೆ ಎಂದರೆ ಕಾರ್ಖಾನೆಯವರು ಏನೆನ್ನುತ್ತಾರೆ, ಶಿವನಿಯಾಕೆ ಎಷ್ಟು ನಗುತ್ತಾಳೆ. ಎರಡು ದಿನ ಸುಲಭದ ದಾರಿ ಹುಡುಕಿದೆ. ಗಾರೆಯವರಿಗೆ ಫೋನ್ ಮಾಡಿ, ತಪ್ಪು ನೀರಿನಲ್ಲಿತ್ತು, ನಿಮ್ಮದಲ್ಲ, ವಾಪಸ್ ಬನ್ನಿ ಎಂದೆ. ನೀರಿಂದಲೇನಾ ಎಂದು ಅವರು ಒಂದು ಸಲ ಕೇಳಿದರು. ನೀರಿಂದಲೇ ಎಂದೆ. ಹೊಲದಲ್ಲಿ ಕೆಲಸವಿದೆ ಎಂದು ಫೋನ್ ಇಟ್ಟರು. ಒಂದು ವಾರ ಕಳೆದರೂ ಬರಲಿಲ್ಲ.

ಭಾನುವಾರ ಅಜ್ಜಂಪುರದ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಬುಕ್ಕಾಂಬುಧಿಗೆ. ಕೆರೆ ಏರಿಯ ಮೇಲೆ ಹೋಗುವಾಗ ಬಿಸಿಲು ನೀರಿನಿಂದ ಎದ್ದು ಕಣ್ಣಿಗೆ ಹೊಡೆಯುತ್ತಿತ್ತು, ಆಟೋದವರು ಯಾರ ಮನೆ ಎಂದು ಕೇಳುತ್ತಿದ್ದರು. ಗಾರೆಯವರ ಮನೆ ಎಂದರೆ ಸಾಕಾಯಿತು.

ಅವರು ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಕೂರಿಸುತ್ತಿದ್ದರು. ನನ್ನನ್ನು ನೋಡಿ ಎದ್ದರು, ಚಾಪೆ ಹಾಸಿದರು, ಒಳಗಿಂದ ನೀರು ಬೆಲ್ಲ ಬಂತು. ನಾನು ಬೆಲ್ಲ ಮುಟ್ಟದೆ ಎಲ್ಲವನ್ನೂ ಹೇಳಿದೆ. ತಂತಿ ತುಂಡಾದದ್ದು, ಅಮ್ಮ ಹೇಳಿದ್ದು, ವೋಲ್ಟೇಜ್ ಎಂದು ನಾನು ಹೇಳಿದ್ದು, ತೊಟ್ಟಿ, ಚಕ್ಕೆಯ ಬೆನ್ನು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕೆಲಸ ನಾನು ಮಾಡಿದ್ದು ಎಂದೆ. ಅವರು ಕುಡುಗೋಲಿನ ಹಿಡಿಯನ್ನು ನೆಲಕ್ಕೆ ಕುಟ್ಟಿ ಕೂರಿಸಿದರು.

‘ಇಷ್ಟೇನಾ?’ ಎಂದರು. ‘ರಾಹುಕಾಲ ಅಂತ ಮೊದ್ಲೇ ಒಂದ್ಮಾತು ಅಂದಿದ್ರೆ ಒಂದೂವರೆ ಗಂಟೆ ತಡ್ದು ತೊಳೀತಿದ್ದೆ ಕಣಮ್ಮ.’

ಅವರು ನಗುತ್ತಾರೆಂದೋ ಬಯ್ಯುತ್ತಾರೆಂದೋ ಸಿದ್ಧಳಾಗಿ ಬಂದಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ. ನಾಳೆಯಿಂದ ಬನ್ನಿ ಎಂದೆ.

‘ನಂಗೆ ಹೇಳಿದ್ರಿ, ಸರಿ. ಆದ್ರೆ ನನ್ ಕೈಲಿ ನಿಲ್ಲಲ್ಲ ಅಂತ ಆಗ ನೀವು ಹೇಳಿದ್ದು ನಂಗಲ್ವಲ್ಲ,’ ಎಂದು ಎದ್ದು ಚಪ್ಪಲಿ ಮೆಟ್ಟಿದರು.

ಮೂರು ಓಣಿ ದಾಟಿ ಹೊಸ ಮನೆಗೆ ಹೋದೆವು. ಮುಂದಿನ ಎರಡು ಗೋಡೆಗಳ ಗಾರೆ ಆಗಲೇ ಮುಗಿದಿತ್ತು. ಅಂದು ಕೊಬ್ಬರಿ ತಂದಿದ್ದ ಮನುಷ್ಯ, ಅವರ ಹೆಂಡತಿ, ಇಬ್ಬರು ಮೇಸ್ತ್ರಿಗಳು, ಸುಮ್ಮನೆ ನೋಡಲು ಬಂದ ನಾಲ್ಕು ಜನ. ನಾನು ಮರಳ ಗುಡ್ಡೆಯ ಪಕ್ಕ ನಿಂತು ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಕಾರ್ಬೈಡು, ಕೋಬಾಲ್ಟು ಎಂದು ಶುರುಮಾಡಿ, ಯಾರಿಗೂ ಅದು ಬೇಕಿಲ್ಲವೆಂದು ಗೊತ್ತಾಗಿ, ರಾಹುಕಾಲ ನೋಡಿದವಳು ನಾನು, ಮುಚ್ಚಿಟ್ಟವಳು ನಾನು, ಕೆಲಸ ಕೆಟ್ಟದ್ದು ನನ್ನಿಂದ, ಅವರ ಕೈಯಿಂದಲ್ಲ ಎಂದು ಮುಗಿಸಿದೆ. ಒಬ್ಬ ಮೇಸ್ತ್ರಿ ನಕ್ಕ. ಮನೆಯವರು, ರಾಹುಕಾಲ ನೋಡಿದ್ದು ತಪ್ಪೇನಲ್ಲ ಬಿಡಿ ಎಂದು ನನಗೇ ಸಮಾಧಾನ ಹೇಳಿದರು. ಹೇಳಿದವರು ಗಾರೆಯವರ ಮುಖ ನೋಡಲಿಲ್ಲ.

ಹೊಡೆದಾದ ಮೊದಲ ಹಿಡಿಯನ್ನು ಇನ್ನೊಮ್ಮೆ ಹೊಡೆಯಲಾಗುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಾರೆಯವರು ಮುಗಿದ ಗೋಡೆಯ ಹತ್ತಿರ ಹೋಗಿ ಅಂಗೈ ಊರಿದರು, ಬೆರಳ ಗೆಣ್ಣಿನಿಂದ ಎರಡು ಕಡೆ ತಟ್ಟಿ ಕೇಳಿಸಿಕೊಂಡರು. ಬೇರೆಯವರ ಕೈಯ ಗೋಡೆ. ಚೆನ್ನಾಗಿ ಹಿಡಿದಿದೆ ಎಂದರು. ನಾವು ಬಂದ ದಾರಿಯಲ್ಲೇ ವಾಪಸ್ ಹೋದೆವು, ನಾನು ಬೆಲ್ಲ ತಿಂದು ನೀರು ಕುಡಿದೆ.

ಶೆಡ್ಡಿನಲ್ಲಿ ಎರಡು ಬದಲಾವಣೆ ಮಾಡಿದೆ. ತೊಟ್ಟಿಯ ನಿಂತ ನೀರು ಹೋಗಿ ಹರಿಯುವ ನೀರು ಬಂತು. ಚೇಂಬರ್ ಹಚ್ಚಲು ಸಿದ್ಧವಾಗದೆ ಯಾವ ಟೂಲೂ ಆಸಿಡ್ಡಿಗೆ ಇಳಿಯಬಾರದು ಎಂದು ಬೋರ್ಡು ಬರೆಸಿದೆ. ಲೇಪದ ಮಟ್ಟಿಗೆ ಇಷ್ಟೇ ಸಾಕಾಯಿತು. ನಾನು ರಾಹುಕಾಲವನ್ನೂ ಬಿಟ್ಟೆನೆಂದು ಬರೆದಿದ್ದರೆ ಓದಲು ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ. ಬುಧವಾರ ಹನ್ನೆರಡಕ್ಕೆ ನನ್ನ ಕೈ ಈಗಲೂ ಸ್ವಿಚ್ಚಿನ ಕಡೆ ಹೋಗುವುದಿಲ್ಲ.

ಗಾರೆಯವರು ಬಂದದ್ದು ಆ ಭಾನುವಾರ ಕಳೆದು ಮೂರನೆಯ ದಿನ, ಬುಧವಾರವೇ. ನೆತ್ತಿಯ ಮೇಲೆ ಹರಳೆಣ್ಣೆ ಹೊಳೆಯುತ್ತಿತ್ತು. ಹನ್ನೊಂದೂವರೆ ದಾಟಿದಾಗ ಟೂಲುಗಳ ತಟ್ಟೆ ಹಿಡಿದು ಆಸಿಡ್ಡಿನ ಮುಂದೆ ಹೋದವರು ಅದ್ದದೆ ನಿಂತರು. ಶಿವನಿಯಾಕೆ ಮೀಟರಿನ ಮುಂದೆ ಇದ್ದಳು. ಪಕ್ಕದ ಗೋದಾಮಿನವರಿಬ್ಬರು ಬಾಗಿಲಲ್ಲಿ ನಿಂತು ಏನೋ ಮಾತಾಡುತ್ತಿದ್ದರು.

‘ವೋಲ್ಟೇಜ್ ಹೆಂಗೈತಮ್ಮ?’ ಎಂದು ಗಾರೆಯವರು ಅಲ್ಲಿಂದಲೇ ಕೇಳಿದರು.

ಮೀಟರಿನ ಮುಳ್ಳು ಇರಬೇಕಾದ ಕಡೆಯೇ ಇತ್ತು. ಶಿವನಿಯಾಕೆ ನನ್ನ ಕಡೆ ತಿರುಗಿದಳು, ಬಾಗಿಲಲ್ಲಿದ್ದವರೂ ತಿರುಗಿದರು.

‘ವೋಲ್ಟೇಜ್ ಚೆನ್ನಾಗಿದೆ,’ ಎಂದೆ. ‘ರಾಹುಕಾಲ. ಒಂದೂವರೆ ಆಗ್ಲಿ.’

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಕೈಗವಸು ಬಿಚ್ಚಿ ಊಟದ ಡಬ್ಬಿ ತೆಗೆದರು. ಮರುದಿನ ಬೆಳಿಗ್ಗೆ ಆ ಬುಧವಾರಕ್ಕೆ ಸರಿ ಗುರುತು ಬಿತ್ತು.

ಈಗಲೂ ಪ್ರತಿ ಬುಧವಾರ ಅವರು ಕೇಳುತ್ತಾರೆ, ನಾನು ಹೇಳುತ್ತೇನೆ. ಬುಕ್ಕಾಂಬುಧಿಯಲ್ಲಿ ಆಮೇಲೆ ಎರಡು ಮನೆಗಳು ಎದ್ದಿವೆ ಎಂದು ಶಿವನಿಯಾಕೆ ಹೇಳಿದಳು. ಮೊದಲ ಹಿಡಿಗೆಂದು ಗಾರೆಯವರು ಇನ್ನೂ ಒಂದು ದಿನವೂ ರಜೆ ಕೇಳಿಲ್ಲ.